ನಾಯಿಮರಿಯ ಬಾಯಿಗೆ ಏನು ಕೊಡಬೇಕು: ಹಲ್ಲು ಬೀಳುವ ತಿಂಗಳುಗಳಿಗೊಂದು ಮಾರ್ಗದರ್ಶಿ

ಕೆಂಚಿ ನಮ್ಮ ಮನೆಗೆ ಬಂದಾಗ ಅವಳಿಗೆ ಎರಡು ತಿಂಗಳು. ನಾಲ್ಕು ತುಂಬುವಷ್ಟರಲ್ಲಿ ಟೀಪಾಯಿಯ ಒಂದು ಕಾಲು, ಎರಡು ಜೊತೆ ಚಪ್ಪಲಿ, ಬಾಗಿಲ ಮುಂದಿನ ಕಾಲೊರಸು ಅವಳ ಬಾಯಿಗೆ ಹೋಗಿದ್ದವು. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಅಮ್ಮ "ಇಲ್ಲೊಂದು ಅಕ್ಕಿ ಕಾಳು ಬಿದ್ದಿದೆ ನೋಡು" ಎಂದು ಎತ್ತಿ ನನ್ನ ಅಂಗೈಗೆ ಹಾಕಿದರು. ನೋಡಿದರೆ ಹಾಲುಹಲ್ಲು. ಒಳಗೆ ಟೊಳ್ಳು, ಬುಡದಲ್ಲಿ ಒಣಗಿದ ರಕ್ತದ ಚುಕ್ಕೆ. ಕೆಂಚಿಯ ತುಟಿ ಎತ್ತಿದೆ. ಕೆಳಗಿನ ಸಾಲಿನಲ್ಲಿ ಒಂದು ಜಾಗ ಖಾಲಿ, ಸುತ್ತ ಒಸಡು ಕೆಂಪಗೆ ಊದಿತ್ತು. ಎರಡು ತಿಂಗಳಿಂದ ನಾವು ಅವಳನ್ನು ಗದರುತ್ತಿದ್ದುದು ಯಾವ ತಪ್ಪಿಗೆ ಎಂದು ಆ ಕ್ಷಣ ನನಗೆ ಬಹಳ ಸಂಕಟವಾಯಿತು.

ಮರಿ ಕಡಿದೇ ಕಡಿಯುತ್ತದೆ. ಅದನ್ನು ನಿಲ್ಲಿಸುವ ಉಪಾಯ ಇಲ್ಲಿಲ್ಲ. ಅದರ ಬಾಯಿಗೆ ಏನು ಹೋಗಬೇಕು ಎಂಬುದನ್ನು ನಾವು ಮೊದಲೇ ತೀರ್ಮಾನಿಸಿಡಬಹುದು. ಈ ಬರಹ ಇರುವುದು ಅದಕ್ಕೆ.

ಮೊದಲು ಹಲ್ಲಿನ ಲೆಕ್ಕ

ನಾಯಿಮರಿ ಹುಟ್ಟುವಾಗ ಬೊಚ್ಚು ಬಾಯಿ. ಸುಮಾರು ಮೂರು ವಾರಕ್ಕೆ ಹಾಲುಹಲ್ಲು ಮೂಡಲು ಶುರುವಾಗಿ, ಎರಡು ತಿಂಗಳ ಹೊತ್ತಿಗೆ 28 ಹಲ್ಲುಗಳಾಗುತ್ತವೆ. ಸೂಜಿಯಂಥ ಹಲ್ಲುಗಳು. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಬಾಚಿಹಲ್ಲುಗಳು ಉದುರತೊಡಗುತ್ತವೆ. ಐದಾರು ತಿಂಗಳಿಗೆ ಕೋರೆಹಲ್ಲುಗಳ ಸರದಿ. ಹಿಂದಿನ ದೊಡ್ಡ ದವಡೆಹಲ್ಲುಗಳಿಗೆ ಹಾಲುಹಲ್ಲಿನ ಜೊತೆಯೇ ಇರುವುದಿಲ್ಲ, ಅವು ನೇರವಾಗಿ ಒಸಡು ಸೀಳಿಕೊಂಡು ಬರುತ್ತವೆ. ಆರೇಳು ತಿಂಗಳಿಗೆ ಒಟ್ಟು 42 ಶಾಶ್ವತ ಹಲ್ಲುಗಳು.

ಅಂದರೆ ಮೂರು ತಿಂಗಳ ಮಟ್ಟಿಗೆ ಮರಿಯ ಬಾಯಲ್ಲಿ ಸದಾ ಏನಾದರೊಂದು ನೋವು, ತುರಿಕೆ. ಗಟ್ಟಿಯಾಗಿ ಕಚ್ಚಿದಾಗ ಒಸಡಿಗೆ ಹಿತ. ಉದುರಿದ ಹಲ್ಲನ್ನು ಮರಿ ಊಟದ ಜೊತೆ ನುಂಗಿಬಿಡುವುದೇ ಹೆಚ್ಚು, ಅದರಿಂದ ತೊಂದರೆಯಿಲ್ಲ. ಆಟಿಕೆಯ ಮೇಲೆ ಒಂದೆರಡು ಹನಿ ರಕ್ತದ ಗುರುತು ಕಂಡರೂ ಗಾಬರಿ ಬೇಡ. ಆದರೆ ಹೊಸ ಕೋರೆಹಲ್ಲು ಬಂದರೂ ಹಳೆಯದು ಪಕ್ಕದಲ್ಲೇ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಪೊಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ಇದು ಹೆಚ್ಚು. ಬಿಟ್ಟರೆ ಹಲ್ಲಿನ ಸಾಲು ಕೆಡುತ್ತದೆ, ಸಂದಿಯಲ್ಲಿ ಕೊಳೆ ಕೂಡುತ್ತದೆ.

ಕಾರಣ ಹಲ್ಲೊಂದೇ ಅಲ್ಲ. ಮರಿಗೆ ಕೈಗಳಿಲ್ಲ. ನಮ್ಮ ಕೂಸು ಮುಟ್ಟಿ, ಹಿಡಿದು, ಅಲ್ಲಾಡಿಸಿ ತಿಳಿಯುವುದನ್ನೆಲ್ಲ ಅದು ಬಾಯಲ್ಲೇ ತಿಳಿಯಬೇಕು. ಒಂಟಿಯಾಗಿ ಬಿಟ್ಟರೆ ಕಡಿಯುತ್ತದೆ, ಹಸಿದರೆ ಕಡಿಯುತ್ತದೆ. ನಿದ್ದೆ ಸಾಲದಿದ್ದರೂ ಕಡಿಯುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಳೆ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಸಂಜೆ ಏಳರ ಹೊತ್ತಿಗೆ ಹುಚ್ಚು ಹಿಡಿದಂತೆ ಎಲ್ಲರ ಕಾಲಿಗೆ ಬಾಯಿ ಹಾಕುವ ಮರಿ ಎಷ್ಟೋ ಸಲ ದಣಿದಿರುವ ಮರಿ. ಅದಕ್ಕೆ ಬೇಕಾದದ್ದು ಕತ್ತಲೆಯ ಮೂಲೆ, ಒಂದು ಚಾಪೆ, ಸದ್ದಿಲ್ಲದ ಅರ್ಧ ಗಂಟೆ. ಮಣ್ಣು, ಗೋಡೆಯ ಸುಣ್ಣ, ಕಲ್ಲು ತಿನ್ನುತ್ತಿದ್ದರೆ ಮಾತ್ರ ಹೊಟ್ಟೆಹುಳ, ರಕ್ತಹೀನತೆ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.

ಹೆಜ್ಜೆ 1: ನೆಲದ ಮಟ್ಟಕ್ಕೆ ಇಳಿದು ಮನೆ ನೋಡಿ

ಆಟಿಕೆ ತರುವ ಮೊದಲೇ ಈ ಕೆಲಸ. ಅಂಬೆಗಾಲಿಟ್ಟು ಒಂದು ಸುತ್ತು ಬನ್ನಿ, ನಿಂತಾಗ ಕಾಣದ್ದು ಕಾಣುತ್ತದೆ. ಮಂಚದ ಹಿಂದಿನ ಮೊಬೈಲ್ ಚಾರ್ಜರ್ ವೈರು, ಟಿವಿಯ ಕೇಬಲ್, ಫ್ರಿಜ್ಜಿನ ಪ್ಲಗ್ಗು. ವೈರು ಕಚ್ಚಿದ ಮರಿಗೆ ಬಾಯಿ ಸುಡುವುದಷ್ಟೇ ಅಲ್ಲ, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಶಾಕ್ ಹೊಡೆದ ಮರಿ ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಒಯ್ಯಬೇಕು.

ಬೀರುವಿನ ಸಂದಿಯ ನುಸಿ ಗುಳಿಗೆ, ಸೊಳ್ಳೆ ಬತ್ತಿ, ಸೊಳ್ಳೆ ಔಷಧಿಯ ಪುಟ್ಟ ಬಾಟಲಿ, ಇಲಿ ಪಾಷಾಣ, ರಿಮೋಟಿನ ಬ್ಯಾಟರಿ, ಅಜ್ಜಿಯ ಮಾತ್ರೆಯ ಪಟ್ಟಿ ಎಲ್ಲವೂ ಮೇಲಕ್ಕೆ ಹೋಗಲಿ. ಅಂಗಳದಲ್ಲಿ ಕಣಗಿಲೆ, ಉಮ್ಮತ್ತಿ, ಹರಳು ಗಿಡವಿದ್ದರೆ ಅತ್ತ ಮರಿಯನ್ನು ಒಂಟಿಯಾಗಿ ಬಿಡಬೇಡಿ. ಮೂರೂ ವಿಷ. ಹರಳು ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು.

ಇನ್ನು ಚಪ್ಪಲಿ. "ಹಳೇದಿದೆ, ಕಚ್ಚಿಕೊಂಡಿರಲಿ ಬಿಡು" ಎಂದು ಮರಿಗೆ ಒಂದು ಕೊಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಸಾಮಾನ್ಯ. ಹಳೆಯದು ಯಾವುದು, ಮೊನ್ನೆ ಹಬ್ಬಕ್ಕೆ ಕೊಂಡದ್ದು ಯಾವುದು ಎಂದು ಮರಿಗೆ ಹೇಗೆ ತಿಳಿಯಬೇಕು? ಅದಕ್ಕೆ ಎರಡೂ ನಿಮ್ಮ ವಾಸನೆಯ ಚರ್ಮ. ಹಳೆಯದನ್ನು ಕೊಟ್ಟ ದಿನವೇ ಎಲ್ಲ ಚಪ್ಪಲಿಯೂ ಅದರದ್ದಾಯಿತು.

ಹೆಜ್ಜೆ 2: ಅಳತೆ, ಉಗುರು, ಚೂರು

ಅಂಗಡಿಯಲ್ಲಿ ನಮ್ಮ ಕಣ್ಣು ಬಣ್ಣಕ್ಕೆ, ಮುದ್ದಾದ ಆಕಾರಕ್ಕೆ ಹೋಗುತ್ತದೆ. ಕೆಂಚಿಯನ್ನು ಸಾಕಿದ ಮೇಲೆ ನಾನು ಬೇರೆಯೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಕೊನೆಗೆ ಹೇಗೆ ಮುರಿಯುತ್ತದೆ? ಎಲ್ಲ ಆಟಿಕೆಯೂ ಒಂದು ದಿನ ಮುರಿದೇ ಮುರಿಯುತ್ತದೆ. ಆಗ ಬರುವುದು ಚೂಪು ಚಕ್ಕೆಯೋ, ಉದ್ದನೆಯ ದಾರವೋ, ಗಂಟಲಿಗೆ ಸರಿಯಾಗಿ ಕೂರುವ ಗುಂಡು ತುಂಡೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮುಕ್ಕಾಲು ಆಯ್ಕೆ ಮುಗಿದಂತೆ.

ಅಳತೆ ನೋಡುವ ರೀತಿ ಇದು. ಆಟಿಕೆ ಇಡಿಯಾಗಿ ಮರಿಯ ಬಾಯೊಳಗೆ ಹೋಗಕೂಡದು. ಚೆಂಡಾದರೆ ಕೋರೆಹಲ್ಲುಗಳ ಹಿಂದಕ್ಕೆ ಜಾರಬಾರದು, ಜಾರಿತೆಂದರೆ ನೇರ ಗಂಟಲಿಗೆ. ಜೊಲ್ಲು ತಗುಲಿದ ರಬ್ಬರ್ ಚೆಂಡನ್ನು ಬೆರಳು ಹಾಕಿ ತೆಗೆಯುವುದು ಎಷ್ಟು ಕಷ್ಟ ಎಂಬುದು ಒಮ್ಮೆ ಒದ್ದಾಡಿದವರಿಗೇ ಗೊತ್ತು. ಎರಡು ಗಾತ್ರದ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ತನ್ನಿ. ಮನೆಯಲ್ಲಿ ದೊಡ್ಡ ನಾಯಿಯೂ ಮರಿಯೂ ಇದ್ದರೆ ಮರಿಯ ಚೆಂಡು ದೊಡ್ಡದರ ಕೈಗೆ ಸಿಗದಂತೆ ಬೇರೆ ಇಡಿ.

ಗಟ್ಟಿತನಕ್ಕೆ ಪಶುವೈದ್ಯರು ಹೇಳುವ ಸುಲಭ ಪರೀಕ್ಷೆಯಿದೆ. ಹೆಬ್ಬೆರಳಿನ ಉಗುರನ್ನು ಆಟಿಕೆಗೆ ಒತ್ತಿ. ಸ್ವಲ್ಪವಾದರೂ ತಗ್ಗು ಬೀಳಬೇಕು. ಉಗುರೇ ಬಾಗಿದರೆ ಅದು ಮರಿಯ ಹಲ್ಲಿಗೆ ಆಗುವುದಿಲ್ಲ. ಇನ್ನೊಂದು ಬಗೆಯೂ ಉಂಟು: ಅದರಿಂದ ನಿಮ್ಮ ಮಂಡಿಚಿಪ್ಪಿಗೆ ಹೊಡೆದುಕೊಳ್ಳುವುದನ್ನು ನೆನೆಸಿಕೊಂಡೇ ಮುಖ ಕಿವಿಚಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಗಟ್ಟಿ ವಸ್ತು ಕಡಿದು ಮೇಲಿನ ದವಡೆಯ ದೊಡ್ಡ ಹಲ್ಲಿನ ಪಕ್ಕ ಚಕ್ಕೆಯಾಗಿ ಸೀಳುವುದು ನಾಯಿಗಳಲ್ಲಿ ತೀರಾ ಸಾಮಾನ್ಯ. ಒಳಗಿನ ನರ ತೆರೆದುಕೊಂಡರೆ ಹಲ್ಲು ಕೀಳಬೇಕು, ಇಲ್ಲವೇ ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಮಾಡಿಸಬೇಕು.

ಟೊಳ್ಳು ಆಟಿಕೆಯಾದರೆ ತೂತು ಎಣಿಸಿ. ಒಂದೇ ತೂತಿದ್ದರೆ ಬೇಡ. ಒಳಗಿನ ತಿಂಡಿ ನೆಕ್ಕುವಾಗ ಗಾಳಿ ಹೊರಹೋಗಿ ನಾಲಗೆ ಒಳಗೇ ಸಿಕ್ಕಿಬೀಳುತ್ತದೆ, ಊದಿಕೊಂಡು ಹೊರಬಾರದಾಗುತ್ತದೆ. ಗಾಳಿಯಾಡಲು ಎರಡನೆಯ ತೂತು ಇರಲೇಬೇಕು.

ಮೂಸಿ ನೋಡಿ. ಗಾಢ ಪೆಟ್ರೋಲ್ ವಾಸನೆ, ಪೇಂಟಿನ ವಾಸನೆ ಬಂದರೆ ತರಬೇಡಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತಿದರೂ ಬೇಡ. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಾಗಾಗಿ ಮಕ್ಕಳ ಆಟಿಕೆಯನ್ನೇ ಮರಿಗೂ ಕೊಡೋಣ ಎಂದು ಕೆಲವರಿಗೆ ಅನ್ನಿಸಬಹುದು. ಆ ಗುರುತು ಮಗುವಿನ ಕೈ, ಬಾಯಿಯನ್ನು ನೆನೆದು ಕೊಟ್ಟದ್ದು. ನಾಯಿಯ ದವಡೆ ಬೇರೆ, ಗೊಂಬೆಯ ಗುಂಡಿಗಣ್ಣು ಅದಕ್ಕೆ ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ದಾಟಿ ಬರುವುದು ಯಾವುದು? ಮೊದಲ ಸ್ಥಾನ ಟೊಳ್ಳಾದ, ಬಗ್ಗುವ ರಬ್ಬರ್ ಆಟಿಕೆಗೆ. ಇದರ ಹುಟ್ಟಿನ ಕಥೆಯೇ ಒಂದು ಪಾಠ. 1970ರ ದಶಕದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕ್‌ಹ್ಯಾಮ್ ಎಂಬವರ ಜರ್ಮನ್ ಶೆಫರ್ಡ್ ಫ್ರಿಟ್ಜ್ ಕಲ್ಲು ಕಡಿದು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ಅವರು ಫೋಕ್ಸ್‌ವ್ಯಾಗನ್ ವ್ಯಾನಿನ ಸಸ್ಪೆನ್ಶನ್ನಿನ ರಬ್ಬರ್ ತುಂಡೊಂದನ್ನು ಕೊಟ್ಟಾಗ ಅದು ಕಲ್ಲನ್ನು ಬಿಟ್ಟು ಇದಕ್ಕೆ ಅಂಟಿಕೊಂಡಿತು. ಅದೇ ಮುಂದೆ ಕಾಂಗ್ ಎಂಬ ಹೆಸರಿನಲ್ಲಿ ಬಂತು. ಮರಿಗಳಿಗೆಂದೇ ಮೆತ್ತನೆಯ ರಬ್ಬರಿನದು ಬೇರೆ ಇದೆ, ಸಾಮಾನ್ಯವಾಗಿ ತಿಳಿ ನೀಲಿ, ಗುಲಾಬಿ ಬಣ್ಣದಲ್ಲಿ ಸಿಗುತ್ತದೆ. ಕೆಂಪು ಬೆಳೆದ ನಾಯಿಗೆ, ಕಪ್ಪು ಜೋರು ದವಡೆಯವಕ್ಕೆ. ಯಾವ ಕಂಪನಿಯದಾದರೂ ಅಡ್ಡಿಯಿಲ್ಲ, ಮೇಲಿನ ಪರೀಕ್ಷೆ ಪಾಸಾದರೆ ಸಾಕು. ನಾಲ್ಕೈದು ಆಟಿಕೆ ಇರಲಿ. ಒಮ್ಮೆಗೆ ಎರಡು ಮಾತ್ರ ಹೊರಗಿಡಿ, ಮೂರು ದಿನಕ್ಕೊಮ್ಮೆ ಬದಲಿಸಿ. ಬುಟ್ಟಿಗೆ ಹೋಗಿ ಬಂದದ್ದು ಮರಿಗೆ ಹೊಸದರಂತೆಯೇ ಕಾಣುತ್ತದೆ.

ಹೆಜ್ಜೆ 3: ಬೇಡವೆನ್ನಬೇಕಾದವು

ಹಗ್ಗದ ಆಟಿಕೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲೇ. ಬಣ್ಣಬಣ್ಣದ ಹತ್ತಿ ಹಗ್ಗಕ್ಕೆ ಎರಡು ಗಂಟು. ಕೆಂಚಿ ಗಂಟಿನ ಕುಚ್ಚನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು, ನಾನು ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದೆ. ಮರುದಿನ ಅಂಗಳದಲ್ಲಿ ಮಲ ಮಾಡಲು ಕೂತವಳು ಏಳಲಾರದೆ ಸುತ್ತುತ್ತಿದ್ದಳು. ಹಿಂದಿನಿಂದ ಒಂದು ಗೇಣು ನೀಲಿ ದಾರ ನೇತಾಡುತ್ತಿತ್ತು. ಎಳೆದು ತೆಗೆಯೋಣವೆಂದು ಕೈ ಹಾಕಿದವನು ಯಾಕೋ ನಿಂತು ವೈದ್ಯರಿಗೆ ಫೋನ್ ಮಾಡಿದೆ. "ಮುಟ್ಟಬೇಡಿ, ಕರ್ಕೊಂಡು ಬನ್ನಿ" ಎಂದರು. ದಾರದ ಇನ್ನೊಂದು ತುದಿ ಒಳಗೆ ಎಲ್ಲೋ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳು ನೆರಿಗೆ ಹಿಡಿದಂತೆ ಮಡಚಿಕೊಳ್ಳುತ್ತದೆ, ದಾರವೇ ಗರಗಸದಂತೆ ಕರುಳನ್ನು ಕೊಯ್ಯುತ್ತದೆ. ಕೆಂಚಿಯ ದಾರ ಎರಡು ದಿನದಲ್ಲಿ ತಾನಾಗಿ ಹೊರಬಂತು, ಶಸ್ತ್ರಚಿಕಿತ್ಸೆ ತಪ್ಪಿತು. ಹಗ್ಗ ನಿಮ್ಮ ಕೈಯಲ್ಲಿ ಒಂದು ತುದಿ ಇರುವ ಎಳೆದಾಟಕ್ಕೆ ಮಾತ್ರ. ಆಟ ಮುಗಿದ ಕೂಡಲೇ ಮೇಲಿನ ಕಪಾಟಿಗೆ.

ಬೇಯಿಸಿದ ಮೂಳೆ ಬೇಡವೇ ಬೇಡ. ಭಾನುವಾರದ ಕೋಳಿ ಸಾರಿನ ಮೂಳೆಯನ್ನು ನಾಯಿಗೆ ಹಾಕುವುದು ನಮ್ಮ ಹಳೆಯ ರೂಢಿ, "ನಮ್ಮೂರ ನಾಯಿಗಳು ತಿಂದು ಚೆನ್ನಾಗೇ ಇದ್ವಲ್ಲ" ಎಂದು ಹಿರಿಯರು ಹೇಳುತ್ತಾರೆ. ಕರುಳು ತೂತಾಗಿ ಸತ್ತ ನಾಯಿಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಬೆಂದ ಮೂಳೆ ಗಾಜಿನಂತೆ ಚೂಪಾಗಿ ಸೀಳುತ್ತದೆ. ಮಾಂಸವಿಲ್ಲದ ಮನೆಗಳಲ್ಲೂ ಅಪಾಯ ಇಲ್ಲದಿಲ್ಲ. ಬೇಸಗೆಯಲ್ಲಿ ಮಾವಿನ ವಾಟೆ, ಮಳೆಗಾಲದಲ್ಲಿ ಸುಟ್ಟ ಮೆಕ್ಕೆಜೋಳ ತಿಂದು ಎಸೆದ ದಿಂಡು, ಇವೆರಡೂ ಜೀರ್ಣವಾಗದೆ ಕರುಳಿಗೆ ಬಿರಡೆಯಂತೆ ಕೂರುತ್ತವೆ. ತೆಂಗಿನ ಕರಟ ಹಲ್ಲಿಗೆ ಗಟ್ಟಿ. ತೆಂಗಿನ ಸಿಪ್ಪೆಯನ್ನು ಸೀಳುವುದು ಮರಿಗೆ ಬಲು ಪ್ರೀತಿ, ನಾರು ನುಂಗಿದರೆ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ.

ಪೆಟ್ ಶಾಪಿನಲ್ಲಿ ಗಂಟು ಹಾಕಿದ ಬಿಳಿ ಚರ್ಮದ ಮೂಳೆ, ಮಂಚಿ ಎಂದು ಮಾರುವ ತೆಳ್ಳನೆಯ ಚರ್ಮದ ಕಡ್ಡಿ ಕಟ್ಟು ಕಟ್ಟಾಗಿ ತೂಗುತ್ತಿರುತ್ತವೆ. ಒದ್ದೆಯಾದ ಚರ್ಮ ಮೆತ್ತಗಾಗಿ ಉಬ್ಬುತ್ತದೆ, ಮರಿ ದೊಡ್ಡ ತುಂಡನ್ನೇ ಗುಳುಂ ಮಾಡುತ್ತದೆ. ನಾನಂತೂ ತರುವುದಿಲ್ಲ. ಜಿಂಕೆ ಕೊಂಬು, ದನದ ಗೊರಸು, ಗಟ್ಟಿ ನೈಲಾನ್ ಮೂಳೆ, ಹಿಮಾಲಯದ ಚುರ್ಪಿ ಗಿಣ್ಣಿನ ಕಡ್ಡಿ ಎಲ್ಲವೂ ಉಗುರಿನ ಪರೀಕ್ಷೆಯಲ್ಲಿ ಸೋಲುತ್ತವೆ, ಹಾಲುಹಲ್ಲಿನ ಮರಿಗೆ ಬೇಡ. ಟೆನಿಸ್ ಚೆಂಡನ್ನು ಎಸೆದು ತರಿಸಲು ಬಳಸಿ, ಕಡಿಯಲು ಬಿಡಬೇಡಿ. ಅದರ ಮೇಲಿನ ಒರಟು ಬಟ್ಟೆಗೆ ಮಣ್ಣು ಸೇರಿದರೆ ಉಪ್ಪುಕಾಗದದಂತೆ ಹಲ್ಲನ್ನು ಉಜ್ಜುತ್ತದೆ. ಪೀಂ ಎನ್ನುವ ಗೊಂಬೆ ನಿಮ್ಮ ಕಣ್ಣೆದುರಿಗೆ ಮಾತ್ರ, ಏಕೆಂದರೆ ಮರಿಯ ಗುರಿ ಆ ಪೀಪಿಯನ್ನು ಹೊರತೆಗೆಯುವುದೇ.

ಹೆಜ್ಜೆ 4: ಅಡುಗೆಮನೆಯಿಂದ

ಊದಿದ ಒಸಡಿಗೆ ತಣ್ಣನೆಯದಕ್ಕಿಂತ ಒಳ್ಳೆಯ ಮದ್ದಿಲ್ಲ. ಟೊಳ್ಳು ರಬ್ಬರ್ ಆಟಿಕೆಯ ಸಣ್ಣ ತೂತನ್ನು ಕ್ಯಾರೆಟ್ ಚೂರಿನಿಂದ ಮುಚ್ಚಿ, ಒಂದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ. ಉಪ್ಪಿಲ್ಲದೆ ಕಾಸಿ ಆರಿಸಿದ ಗಟ್ಟಿ ರಾಗಿ ಗಂಜಿಗೆ ಎರಡು ಚಮಚ ಮೊಸರು ಕಲಸಿ ತುಂಬಿ. ಬೇಯಿಸಿದ ಸಿಹಿಗುಂಬಳ, ಗೆಣಸು, ಮಸಾಲೆಯಿಲ್ಲದ ಕೋಳಿ ಚೂರು ಕೂಡ ಆಗುತ್ತದೆ. ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕೊಡಿ. ನಾನು ಮೊದಲ ಸಲ ಕೊಟ್ಟಾಗ ಕೆಂಚಿ ಅದನ್ನು ಎರಡು ಮುಂಗಾಲಿನ ನಡುವೆ ಒತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಇಪ್ಪತ್ತು ನಿಮಿಷ ಮಿಸುಕದೆ ನೆಕ್ಕಿದಳು. ಆಮೇಲೆ ಅಲ್ಲೇ ಮಲಗಿಬಿಟ್ಟಳು. ಕೊಡುವುದಕ್ಕೆ ಮೊದಲು ಆ ಕ್ಯಾರೆಟ್ ಬಿರಡೆಯನ್ನು ಕಿತ್ತುಬಿಡಿ, ಗಾಳಿಯ ತೂತು ತೆರೆದಿರಬೇಕು.

ದಿನದ ಆಹಾರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಂಥ ತಿಂಡಿಯಿಂದ ಬರದಿರಲಿ. ಹೊಸ ಪದಾರ್ಥ ಒಂದೊಂದೇ, ಸ್ವಲ್ಪ ಸ್ವಲ್ಪವೇ. ಕಡಲೆಕಾಯಿ ಬೆಣ್ಣೆ ಹಾಕುವುದಾದರೆ ಡಬ್ಬಿ ಓದಿ: ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ನಾಯಿಗೆ ಅದು ವಿಷ. ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವತ್ತೂ ಬೇಡ.

ದುಡ್ಡಿಲ್ಲದ ಉಪಾಯ: ಹಳೆಯ ಹತ್ತಿ ಟವೆಲಿನ ತುಂಡನ್ನು ನೆನೆಸಿ, ಹಿಂಡಿ, ಗಂಟು ಹಾಕಿ ಫ್ರೀಜರಿನಲ್ಲಿಡಿ. ಮುಂದೆ ಕೂತು ಕೊಡಿ. ಕರಗಿ ಮೆತ್ತಗಾದೊಡನೆ ವಾಪಸ್ ತೆಗೆದುಕೊಳ್ಳಿ, ಎಳೆ ಬಿಟ್ಟರೆ ಎಸೆಯಿರಿ. ಬಾಯಿಗಿಂತ ದಪ್ಪನೆಯ ಇಡೀ ಕ್ಯಾರೆಟ್ಟೂ ಒಳ್ಳೆಯದೇ, ಮೋಟು ಉಳಿದಾಗ ಕಿತ್ತುಕೊಳ್ಳಬೇಕು ಅಷ್ಟೆ.

ಹಲ್ಲುನೋವೆಂದು ಮನೆಯ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ಲವಂಗದ ಎಣ್ಣೆ ಹಚ್ಚಬೇಡಿ. ಕುರ್ಚಿ ಕಾಲಿಗೆ ಖಾರದ ಪುಡಿ ಬಳಿಯುವುದನ್ನೂ ನಿಲ್ಲಿಸಿ. ಉರಿಯುವುದು ಮರಿಯ ಕಣ್ಣು, ಮೂಗು. ಪೆಟ್ ಶಾಪಿನಲ್ಲಿ ಕಹಿ ಸ್ಪ್ರೇ ಸಿಗುತ್ತದೆ, ಅದು ಸಾಕು.

ಹೆಜ್ಜೆ 5: ಬೇಡದ್ದು ಬಾಯಲ್ಲಿದ್ದಾಗ

ಓಡಿಸಿಕೊಂಡು ಹೋಗಬೇಡಿ, ಮರಿಗೆ ಅದು ಆಟ. ಕೂಗಿ ದವಡೆ ಬಿಡಿಸಿ ಕಿತ್ತುಕೊಂಡರೆ ಅದು ಕಲಿಯುವುದು ಎರಡೇ: ಸಿಕ್ಕಿದ್ದನ್ನು ಮಂಚದ ಕೆಳಗೆ ಒಯ್ಯಬೇಕು, ಇಲ್ಲವೇ ಬೇಗ ನುಂಗಿಬಿಡಬೇಕು. ಬದಲಿಗೆ ವಿನಿಮಯ ಮಾಡಿ. ಒಂದು ಚೂರು ತಿಂಡಿ ಮೂಗಿನ ಹತ್ತಿರ ಹಿಡಿದು "ಬಿಡು" ಎನ್ನಿ. ಬಾಯಿ ತೆರೆದಾಗ ತಿಂಡಿ ಕೊಡಿ, ವಸ್ತು ತೆಗೆಯಿರಿ, ಕೂಡಲೇ ಅದರ ಆಟಿಕೆಯನ್ನು ಮುಂದಿಡಿ. ಅಪಾಯವಿಲ್ಲದ ವಸ್ತುವಿನಿಂದ ದಿನಕ್ಕೆ ಐದಾರು ಸಲ ಅಭ್ಯಾಸ ಮಾಡಿಸಿದರೆ ಬ್ಯಾಟರಿ ಬಾಯಲ್ಲಿರುವ ದಿನ ಈ ಮಾತು ಜೀವ ಉಳಿಸುತ್ತದೆ. ತಾನಾಗಿ ತನ್ನ ಆಟಿಕೆ ಕಡಿಯುತ್ತಿರುವಾಗ ಹೊಗಳುವುದನ್ನು ಮರೆಯಬೇಡಿ. ಸುಮ್ಮನಿದ್ದಾಗ ಮರಿಯನ್ನು ಮರೆತು, ಕೆಡಿಸಿದಾಗ ಮಾತ್ರ ನೋಡುವುದು ನಮ್ಮೆಲ್ಲರ ಚಾಳಿ.

ಕೈ ಕಚ್ಚಿದರೆ ಆಟ ಅಲ್ಲಿಗೆ ನಿಲ್ಲಲಿ. ಕೈ ಹಿಂದೆಗೆದು ಅರ್ಧ ನಿಮಿಷ ಎದ್ದುಹೋಗಿ, ಬಂದು ಆಟಿಕೆ ಕೊಡಿ. ಎಷ್ಟು ಗಟ್ಟಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿಗಳು ಒಡಹುಟ್ಟಿದವುಗಳ ಜೊತೆ ಆಡುತ್ತಾ ಕಲಿಯುತ್ತವೆ. ಎಂಟು ವಾರಕ್ಕಿಂತ ಎಳೆಯ ಮರಿಯನ್ನು ಮಾರಬಾರದು ಎಂದು 2017ರ ನಾಯಿ ಸಂವರ್ಧನೆ ನಿಯಮಗಳಲ್ಲಿದೆ. ಬೇಗ ತಾಯಿಯಿಂದ ಅಗಲಿದ ಮರಿಗೆ ಈ ಪಾಠವನ್ನು ನೀವೇ ತಾಳ್ಮೆಯಿಂದ ಹೇಳಿಕೊಡಬೇಕು. ಹಲ್ಲು ತಾಗಿ ಚರ್ಮ ತರಚಿದರೆ "ಮರಿ ತಾನೆ" ಎನ್ನದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರನ್ನು ಕಾಣಿ. ರೇಬೀಸ್ ವಿಷಯದಲ್ಲಿ ಸಲಿಗೆ ಬೇಡ.

ಹೆಜ್ಜೆ 6: ತೊಳೆಯುವುದು, ಎಸೆಯುವುದು

ತಿಂಡಿ ತುಂಬಿದ ಆಟಿಕೆಯನ್ನು ಅಂದೇ ಬಿಸಿನೀರು, ಸೋಪಿನಿಂದ ತೊಳೆಯಿರಿ. ಇರುವೆ ಮುತ್ತಿದ್ದನ್ನು ಕೊಡಬೇಡಿ. ಲಸಿಕೆ ಪೂರ್ತಿಯಾಗದ ಮರಿಗೆ ಬೇರೆ ನಾಯಿ ಬಳಸಿದ ಆಟಿಕೆ ಬೇಡ, ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಸ್ ವಸ್ತುಗಳ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ. ವಾರಕ್ಕೊಮ್ಮೆ ಆಟಿಕೆಯನ್ನು ಬೆಳಕಿಗೆ ಹಿಡಿದು ಹಿಚುಕಿ ನೋಡಿ. ಬಿರುಕು, ಕಿತ್ತ ಅಂಚು, ಹೋದ ಚೂರು ಕಂಡರೆ ಕಸಕ್ಕೆ. ದುಡ್ಡು ಕೊಟ್ಟದ್ದು ಎಂದು ಕೈ ಹಿಂಜರಿಯುತ್ತದೆ, ನಿಜ. ಹೊಟ್ಟೆ ಕೊಯ್ದು ತೆಗೆಸುವುದರ ಮುಂದೆ ಅದು ಏನೂ ಅಲ್ಲ.

ತಡ ಮಾಡಬಾರದ ಲಕ್ಷಣಗಳು

ಮತ್ತೆ ಮತ್ತೆ ವಾಂತಿ, ನೀರೂ ನಿಲ್ಲದಿರುವುದು, ಊಟ ಬಿಟ್ಟು ಮಂಕಾಗಿ ಮಲಗುವುದು, ಹೊಟ್ಟೆ ಮುಟ್ಟಿದರೆ ಕುಂಯ್‌ಗುಟ್ಟುವುದು, ಮಲ ಬಾರದೆ ತಿಣುಕುವುದು ಇವುಗಳಲ್ಲಿ ಯಾವುದೇ ಕಂಡರೂ ಅಂದೇ ಪಶು ಆಸ್ಪತ್ರೆಗೆ. ನುಂಗಿದ ವಸ್ತುವಿನ ಉಳಿದ ಚೂರನ್ನು ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಮರಿಗೆ ವಿಷವಾದೀತು. ಗಂಟಲಿಗೆ ಸಿಕ್ಕಿ ಉಸಿರುಗಟ್ಟಿದರೆ ಬಾಯಿ ತೆರೆದು ನೋಡಿ, ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳಾಡಿಸಿದರೆ ಇನ್ನೂ ಕೆಳಕ್ಕೆ ತಳ್ಳಿದಂತೆ. ಸಣ್ಣ ಮರಿಯಾದರೆ ತಲೆ ಕೆಳಗಾಗಿ ಹಿಡಿದು ಭುಜಗಳ ನಡುವೆ ಅಂಗೈಯಿಂದ ನಾಲ್ಕೈದು ಏಟು ಹಾಕಿ, ಹಾಗೆಯೇ ಆಸ್ಪತ್ರೆಗೆ ಓಡಿ.

ಏಳು ತಿಂಗಳಾದ ಮೇಲೆ

ಹಲ್ಲು ಬಂದು ಮುಗಿದರೂ ಕಡಿಯುವ ಆಸೆ ಮುಗಿಯುವುದಿಲ್ಲ, ಒಂದೂವರೆ ಎರಡು ವರ್ಷದವರೆಗೆ ಜೋರಾಗಿಯೇ ಇರುತ್ತದೆ. ಈಗ ದವಡೆಗೆ ಶಕ್ತಿ ಬಂದಿದೆ, ಬಾಯಿ ಅಗಲವಾಗಿದೆ. ನಾಲ್ಕು ತಿಂಗಳಲ್ಲಿ ಸರಿಯಿದ್ದ ಮೆತ್ತನೆಯ ಆಟಿಕೆ ಎಂಟನೇ ತಿಂಗಳಲ್ಲಿ ಅರ್ಧ ಗಂಟೆಗೆ ಮೂರು ತುಂಡು, ಅಂದು ಬಾಯಿಗೆ ದೊಡ್ಡದಾಗಿದ್ದ ಚೆಂಡು ಇಂದು ಗಂಟಲಿನ ಅಳತೆ. ಕೆಂಚಿಗೆ ಎಂಟು ತಿಂಗಳಾದ ದಿನ ಅವಳ ಬುಟ್ಟಿಯನ್ನು ನೆಲಕ್ಕೆ ಸುರಿದು ಒಂದೊಂದನ್ನೇ ಅವಳ ದವಡೆಯ ಪಕ್ಕ ಹಿಡಿದು ನೋಡಿದೆ. ಆರರಲ್ಲಿ ನಾಲ್ಕು ಕಸಕ್ಕೆ ಹೋದವು.